ಜಯಂತಿಯ ಬಾಗಿಲು ತೋರಿಸಿದವಳು

ಜಯಂತಿ, ನಿನ್ನ ದವಡೆ ಮುರಿದವನಿಗೆ ನಿನ್ನ ಬಾಗಿಲು ತೋರಿಸಿದ್ದು ಕಂಪ್ಯೂಟರ್ ಅಲ್ಲ. ನಯನಾಳೂ ಅಲ್ಲ. ನಾನು. ಗೊತ್ತಿದ್ದೇ ಮಾಡಿದೆ.

ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ಕೂತೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅಕ್ಷರ ಸೊಟ್ಟ ಇದ್ದರೆ ಅಚ್ಚು ಹಾಕುವವರು ಸರಿ ಮಾಡಿಕೊಳ್ಳಲಿ. ಸಂಗತಿಯನ್ನು ಸರಿ ಮಾಡುವುದು ಬೇಡ.

ಸಯನ್‌ನ ಚಾಳಿನಲ್ಲಿ ನನ್ನದು ಇಡ್ಲಿ-ದೋಸೆ ಹಿಟ್ಟಿನ ವ್ಯಾಪಾರ. ಹೊಸ ಗಿರಾಕಿ ಬಂದರೆ ನಾನು ಮೊದಲು ಕೇಳುತ್ತಿದ್ದದ್ದು ಊರು ಯಾವುದು, ನಮ್ಮ ಹಿಟ್ಟಿನ ಬಗ್ಗೆ ಹೇಳಿದ್ದು ಯಾರು. ಹೇಳಿದವರಿಗೆ ಫೋನ್ ಮಾಡಿ, ನಿಮ್ಮವರು ಬಂದರು, ಇಂಥ ಕಡೆ ಇದ್ದಾರೆ, ಉಪಕಾರವಾಯಿತು ಎನ್ನುತ್ತಿದ್ದೆ. ಮಾಡದಿದ್ದರೆ ಮರ್ಯಾದೆ ಅಲ್ಲ.

ತಂಗಿಯ ಮಗಳು ನಯನಾ ಇದನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿದಳು. ಪರದೆಯ ಮೇಲೆ ಚೌಕಗಳು, ಒಂದರಿಂದ ಇನ್ನೊಂದಕ್ಕೆ ಗೆರೆ. ಗಿರಾಕಿ ಮೆಸೇಜ್ ಮಾಡಿದರೆ ಫಾರ್ಮ್ ತಾನಾಗಿ ಹೋಗುತ್ತದೆ — ಹೆಸರು, ರೂಮ್ ನಂಬರ್, ಹುಳಿ ಎಷ್ಟಿರಬೇಕು, ಹೇಳಿದವರು ಯಾರು, ಅವರ ನಂಬರ್. ಮೊದಲ ಡಬ್ಬಿ 'ಮುಟ್ಟಿತು' ಎಂದು ಫೋನಿನಲ್ಲಿ ಒತ್ತಿದ ಕೂಡಲೇ ಹೇಳಿದವರಿಗೆ ಧನ್ಯವಾದ, ಹೊಸಬರ ವಿಳಾಸದ ಸಮೇತ. ವಿಳಾಸ ಬೇಕೇ ಬೇಕು ಎಂದು ಹಟ ಹಿಡಿದದ್ದು ನಾನು.

"ಕೋಡ್-ಗೀಡ್ ಎಂತದೂ ಇಲ್ಲ ದೊಡ್ಡಮ್ಮ, ಬೆರಳಲ್ಲಿ ಎಳೆದು ಜೋಡಿಸಿದರೆ ಆಯ್ತು. ನಿಮಗೂ ಬರ್ತದೆ" ಎಂದು ಕಲಿಸಿದಳು. ಬಂತು.

ನೀನು ಆಗ ಗಂಡನ ಹೊಡೆತ ತಾಳದೆ ಮಲಾಡ್‌ನಿಂದ ಓಡಿ ಬಂದವಳು. ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ನಮ್ಮ ಹಿಂದಿನ ಬಿಲ್ಡಿಂಗಿನಲ್ಲಿ ರೂಮ್ ಹಿಡಿದಿದ್ದೆ. ಹೇಳಿದವರ ನಂಬರ್ ತುಂಬದೆ ಫಾರ್ಮ್ ಮುಂದಕ್ಕೆ ಹೋಗುತ್ತಿರಲಿಲ್ಲ — ನಮ್ಮ ಹಿಟ್ಟಿನ ಬಗ್ಗೆ ಹಿಂದೆ ಹೇಳಿದ್ದ ಗಂಡನ ಅಕ್ಕನ ನಂಬರನ್ನೇ ನೀನು ಹಾಕಿದೆ. ಅವಳು ನನ್ನ ಹಳೇ ಗಿರಾಕಿ. ಆಮೇಲೆ ಹೆದರಿ ನಮ್ಮಲ್ಲಿಗೆ ಓಡಿ ಬಂದೆ. "ಅಮ್ಮಾ, ಆ ನಂಬರಿಗೆ ಏನೂ ಕಳಿಸಬೇಡಿ. ಅವರು ಬಂದರೆ ನನ್ನನ್ನು ಕೊಂದೇ ಹಾಕ್ತಾರೆ."

ನಯನಾ ನಿನ್ನ ಎದುರೇ ಧನ್ಯವಾದ ಕಳಿಸುವ ಆ ಗೆರೆ ಕಿತ್ತಳು.

ನನಗೆ ಹೊಟ್ಟೆ ಉರಿಯಿತು. ನನ್ನ ಗಂಡ ನನ್ನ ಕೈಯನ್ನು ಬಾಗಿಲಿಗೆ ಸಿಕ್ಕಿಸಿ ಒದ್ದಿದ್ದ. ಮರುದಿನ ಇನ್ನೊಂದು ಕೈಯಲ್ಲಿ ರುಬ್ಬಿದೆ. ನನ್ನನ್ನು ಯಾರು ಬಚ್ಚಿಟ್ಟರು? ನಾನು ತಿಂದದ್ದನ್ನು ಇವಳೂ ತಿನ್ನಲಿ — ಹೀಗೇ ಅಂದುಕೊಂಡೆ, ಇದೇ ಮಾತು.

ಬೆಳಿಗ್ಗೆ ನಯನಾ ಸ್ನಾನಕ್ಕೆ ಹೋದಾಗ ಆ ಗೆರೆಯನ್ನು ಮತ್ತೆ ಎಳೆದು ಜೋಡಿಸಿದೆ. ಡಬ್ಬಿಯನ್ನೂ ನಾನೇ ತಂದೆ. ನೀನು ಬಾಗಿಲು ಅರ್ಧ ತೆರೆದು, ನಾನೆಂದು ನೋಡಿ, ಆಮೇಲೆ ಸರಪಳಿ ತೆಗೆದೆ. "ನೀವಾ ಅಮ್ಮಾ" ಎಂದೆ. ನಾನು ಮೆಟ್ಟಿಲು ಇಳಿಯುತ್ತಾ ಫೋನಿನಲ್ಲಿ 'ಮುಟ್ಟಿತು' ಒತ್ತಿದೆ.

ಅಕ್ಕ ಆ ಮೆಸೇಜನ್ನು ತಮ್ಮನಿಗೆ ತೋರಿಸಿದಳು. ಮೂರನೇ ದಿನ ಹಾಡಹಗಲೇ ಬಂದ. ಕೂದಲು ಹಿಡಿದು ನಿನ್ನನ್ನು ಹೊರಗೆ ಎಳೆದ, ತುಂಬಿದ ಹಿಟ್ಟಿನ ಡಬ್ಬಿಯಿಂದಲೇ ಮುಖಕ್ಕೆ ಹೊಡೆದ. ಒಮ್ಮೆ ಅಲ್ಲ. ಎಲುಬು ಒಡೆಯುವ ಸದ್ದು, ಆವತ್ತಿನ ಡಬ್ಬಿ ಕೊಟ್ಟು ಇಳಿದು ಕೆಳಗೆ ನಿಂತಿದ್ದ ನನಗೆ ಕೇಳಿತು. ಹತ್ತಿ ಬರಲಿಲ್ಲ. ಹಿಟ್ಟು, ರಕ್ತ, ಎರಡು ಹಲ್ಲು ಮೆಟ್ಟಿಲ ಮೇಲೆ ಇಳಿದು ಬಂದವು. ಆಮೇಲೆ ಡಬ್ಬಿ ಉರುಳಿ ಬಂತು, ನನ್ನ ಹೆಸರು ಕೊರೆಸಿದ ಡಬ್ಬಿ. ಗಂಡಸರು ಸೇರಿ ಅವನನ್ನು ಕೆಡವಿ ತುಳಿದರು.

ಪೊಲೀಸರು ಕೇಳಿದಾಗ ನಯನಾಳ ಕಡೆ ಕೈ ತೋರಿಸಿ "ಲಡ್ಕೀ ಕಾ ಗಲತೀ", ಹುಡುಗಿಯ ತಪ್ಪು, ಎಂದೆ.

"ನಾನು ಕಿತ್ತಿದ್ದೆ ದೊಡ್ಡಮ್ಮ, ನೀವೇ ನೋಡಿದ್ದೀರಿ!"

ಸೌಟು ಕೈಯಲ್ಲಿತ್ತು. ಬಾಯಿಗೇ ಬಾರಿಸಿದೆ. ಅವಳ ತುಟಿ ಒಡೆಯಿತು. "ಮುಚ್ಚು ಬಾಯಿ! ನಿನ್ನ ಯಂತ್ರ, ನಿನ್ನ ತಪ್ಪು."

ಅವಳು ನಿನ್ನನ್ನು ನೋಡಲು ಆಸ್ಪತ್ರೆಗೆ ಬಂದಳು. ನಿನ್ನ ದವಡೆಗೆ ತಂತಿ ಬಿಗಿದಿತ್ತು, ಮಾತಾಡಲು ಆಗದೆ ನೀನು ಅವಳಿಗೆ ಚೀಟಿಯಲ್ಲಿ ಬರೆದು ಕೊಟ್ಟೆ: 'ನಿನ್ನ ಕೈ ಮುರಿದು ಬೀಳಲಿ.' ಪಕ್ಕದಲ್ಲಿ ನಾನಿದ್ದೆ — ಇದೇ ಕೈಯಲ್ಲಿ ನಿನಗೆ ಗಂಜಿ ಹಿಡಿದುಕೊಂಡು. ನಯನಾ ಚೀಟಿ ಅಲ್ಲೇ ಬಿಟ್ಟು ಹೋದಳು. ಎತ್ತಿಟ್ಟವಳು ನಾನು. ಈಗಲೂ ನನ್ನಲ್ಲಿದೆ. ನನ್ನದೇ ಅದು.

ಮೊನ್ನೆ ಅಂಧೇರಿಗೆ ಹೋಗಿ ನಯನಾಳ ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಪೂರ್ತಿ ಕೇಳಿದಳು. ಬಾಗಿಲು ಹಾಕಿದಳು. ಸರಿ. ಪೊಲೀಸರಿಗೂ ಹೇಳಿ ಬಂದೆ.

ನೀನು ಈಗ ಎಲ್ಲಿದ್ದೀಯೋ — ಆಸ್ಪತ್ರೆಯವರಿಗೆ ಗೊತ್ತಿರಬಹುದು. ನಾನು ಕೇಳಿಲ್ಲ, ಅದಕ್ಕೇ ಇದನ್ನು ನಮ್ಮವರ ಪತ್ರಿಕೆಗೆ ಕೊಟ್ಟೆ. ಕಣ್ಣಿಗೆ ಬಿದ್ದರೆ ಓದು, ಉತ್ತರ ಬರೆಯಬೇಡ. ಈಗ ಹೊಸ ಗಿರಾಕಿ ಬಂದರೆ ಹುಳಿ ಎಷ್ಟಿರಬೇಕು ಎಂದಷ್ಟೇ ಕೇಳುತ್ತೇನೆ. ಡಬ್ಬಿ ತಾವೇ ಬಂದು ಒಯ್ಯುತ್ತಾರೆ. ಯಾರು ಎಲ್ಲಿರುತ್ತಾರೋ ನನಗೆ ಗೊತ್ತಿಲ್ಲ.