ಅಟ್ಟಕ್ಕೆ ಹೋದ ಹವಳ

ತೆಂಗಿನಕಾಯಿ ಒಣಹಾಕುವ ಅಟ್ಟ ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ತಿಪಟೂರಿನಲ್ಲಿ ಹುಟ್ಟಿ ಹೀಗೆನ್ನುವವನು ನಾನೊಬ್ಬನೇ ಇರಬೇಕು.

ಎಂಬತ್ತರ ದಶಕದ ಆರಂಭ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಅಣ್ಣನದು ಕೊಬ್ಬರಿ ವ್ಯಾಪಾರ. ಇಬ್ಬರದೂ ಒಂದೇ ಮನೆ. ನಡುಮನೆಯ ಕಿಟಕಿ ಪಕ್ಕ ಗಾಜಿನ ತೊಟ್ಟಿಗೆ ಸಮುದ್ರದ ನೀರು ತುಂಬಿ ಮೀನು ಸಾಕುವ ಹುಚ್ಚು ನನಗೆ. ಮಂಗಳೂರಿನಿಂದ ಹೆಂಚು ತರುವ ಲಾರಿ ಡ್ರೈವರು ಕ್ಯಾನುಗಳಲ್ಲಿ ನೀರು ತಂದುಕೊಡುತ್ತಿದ್ದ. ಒಂದು ಸಲ, ಬಲೆಗೆ ಸಿಕ್ಕಿದ್ದೆಂದು ಬಕೆಟ್ಟಿನಲ್ಲಿ ಒಂದು ಕಲ್ಲನ್ನೂ ತಂದ. ಅದರ ಮೇಲೆ ಹೆಬ್ಬೆಟ್ಟಿನ ಗಾತ್ರದ ಹವಳವೊಂದು ಅಂಟಿತ್ತು. ಬೆಳಿಗ್ಗೆ ಬಿಸಿಲು ಬಿದ್ದರೆ ಹಸಿರು ಬೆರಳುಗಳನ್ನು ಚಾಚುತ್ತಿತ್ತು, ಮುಟ್ಟಿದರೆ ಮುದುಡಿಕೊಳ್ಳುತ್ತಿತ್ತು. ಹವಳವೇನೋ ಹೌದು, ಯಾವ ಹವಳ? ನನ್ನ ಪುಸ್ತಕಗಳಲ್ಲಿ ಅದರ ಚಿತ್ರವೇ ಇರಲಿಲ್ಲ. ಮಕ್ಕಳಿಗೆ ಪಾಠ ಹೇಳುವವನಿಗೆ ಮನೆಯೊಳಗಿನ ಜೀವದ ಹೆಸರೇ ಗೊತ್ತಿಲ್ಲವೆಂದರೆ ಎಂಥ ಅವಮಾನ! ಬಂದವರ ಕಾಟ ಬೇರೆ. “ಹವಳ ಅಂದ್ರೆ ಕೆಂಪಗಿರ್ಬೇಕಲ್ವಾ ಮೇಷ್ಟ್ರೇ? ಉಂಗುರಕ್ಕೆ ಆಗ್ತದಾ?” ಎಂದು ಕೇಳಿದ ಪಕ್ಕದ ಮನೆಯವರನ್ನು ತೊಟ್ಟಿಯಲ್ಲೇ ಅದ್ದಬೇಕೆನಿಸಿತ್ತು.

ಚಿತ್ರ ಬರೆದು ಕರಾವಳಿಯ ಕಾಲೇಜಿನ ಪ್ರಾಧ್ಯಾಪಕರೊಬ್ಬರಿಗೆ ಕಳಿಸಿದೆ. ತಿಂಗಳಾದ ಮೇಲೆ ಉತ್ತರ ಬಂತು: ಮೇಲಿನ ಮಾಂಸ ನೋಡಿ ಹೇಳಲಾಗದು, ಒಣಗಿಸಿ ಕಳಿಸಿದರೆ ಅದರೊಳಗಿನ ಬಟ್ಟಲಿನಂಥ ಸುಣ್ಣದ ಗೂಡು ನೋಡಿ ಹೆಸರು ತಿಳಿಸಬಹುದು. ಕಾಗದವನ್ನು ನಡುಮನೆಯಲ್ಲಿ ಗಟ್ಟಿಯಾಗಿ ಓದಿ ಎಗರಾಡಿದೆ. “ಹೆಸ್ರು ಹೇಳೋಕೆ ಸಾಯಿಸ್ಬೇಕಂತೆ! ಇವ್ರ ವಿದ್ಯೆಗೆ ಬೆಂಕಿ ಬೀಳ!” ಅಣ್ಣ ಪಕ್ಕದಲ್ಲೇ, ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಬಿಟ್ಟುಕೊಂಡು ಗಡಗಡ ಎನ್ನುತ್ತದೆಯೇ ಎಂದು ನೋಡುತ್ತಾ ಕೂತಿದ್ದ.

ಪರೀಕ್ಷೆಯ ಕೆಲಸಕ್ಕೆ ತುರುವೇಕೆರೆಗೆ ಹೋಗಿ ವಾರ ಬಿಟ್ಟು ಬಂದೆ. ತೊಟ್ಟಿಯಲ್ಲಿ ಕಲ್ಲಿಲ್ಲ. ಅಣ್ಣ ಅಟ್ಟದ ಏಣಿ ಇಳಿದು ಬಂದ, ಮುಖದ ತುಂಬ ನಗು. ಕೈಯಲ್ಲಿ ಆ ಕಲ್ಲು. ಹವಳದ ಹಸಿರೆಲ್ಲ ಹೋಗಿ ಬಿಳಚಿಕೊಂಡಿತ್ತು. ಅಭ್ಯಾಸಬಲದಿಂದ ಅದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿದ.

“ಚೆನ್ನಾಗಿ ಒಣಗೈತೆ ಕಣ್ಲಾ. ಕಳ್ಸು ಇನ್ನ.”

“ಯಾರೋ ಹೇಳಿದ್ದು ನಿಂಗೆ? ಬದುಕಿತ್ತಲ್ಲೋ ಅದು!” ಅಣ್ಣ ಎನ್ನುವುದನ್ನೂ ಮರೆತು ಕಿರುಚಿದೆ.

“ಒಣಗ್ದೆ ಯಾವ್ದು ಎಂಥದ್ದು ಅಂತ ಹೆಂಗ್ಲಾ ಗೊತ್ತಾಗ್ತದೆ? ನಿಂಗೆ ಕೈ ಬರಲ್ಲ ಅಂತ ನಾನೇ ಮಾಡ್ದೆ. ಹೆಸ್ರಿಗೋಸ್ಕರ ಒದ್ದಾಡ್ತಿದ್ದಲ್ಲಪ್ಪ.”

ಬಾಯಿಗೆ ಬಂದಂತೆ ಬೈದೆ. ಊಟದ ತಟ್ಟೆ ತಳ್ಳಿದೆ. ತಿಂಗಳುಗಟ್ಟಲೆ ಅವನೊಂದಿಗೆ ಮಾತು ಬಿಟ್ಟೆ. ಆದರೆ ಆ ಕಲ್ಲನ್ನು ಮಣ್ಣು ಮಾಡಿದೆನೇ? ಇಲ್ಲ. ಮೂರನೇ ದಿನವೇ ಹತ್ತಿಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಪೋಸ್ಟ್ ಮಾಡಿದೆ. ಹೆಸರು ಬಂತು, ಎರಡು ಪದದ ಲ್ಯಾಟಿನ್ ಹೆಸರು. ಬಾಯಿಪಾಠ ಮಾಡಿಕೊಂಡೆ. ತರಗತಿಯ ಬೋರ್ಡಿನ ಮೇಲೆ ಬರೆದು ಜಂಬವನ್ನೂ ಕೊಚ್ಚಿಕೊಂಡೆ. ಅಣ್ಣನ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ. ನನ್ನ ಮೇಲೆ ಬರಬೇಕಾದ್ದನ್ನೂ ಅವನ ತಲೆಗೇ ಕಟ್ಟಿದೆ.

ಮಾತು ಮತ್ತೆ ಶುರುವಾದಾಗ ಅವನು ಮೊದಲು ಕೇಳಿದ್ದೂ ಅದನ್ನೇ: “ಹೆಸ್ರು ಬಂತೇನ್ಲಾ?” ಇಲ್ಲ ಎಂದೆ. ಆಮೇಲೂ ಎಷ್ಟೋ ವರ್ಷ, ಅಂಚೆಯವನು ಬಾಗಿಲಿಗೆ ಬಂದಾಗಲೆಲ್ಲ ಕೇಳುತ್ತಿದ್ದ. ಪ್ರತಿ ಸಲವೂ ಇಲ್ಲವೆಂದೆ. ಅವನು ಕಣ್ಣು ಮುಚ್ಚುವವರೆಗೂ ಆ ಹೆಸರನ್ನು ಅವನಿಗೆ ಹೇಳಲೇ ಇಲ್ಲ.