ತಾನಾಗಿ ಬಿದ್ದ ಬೀಗ

ಶ್ರೀಧರ, ಆ ಕಾರು ತಾನಾಗಿ ಬೀಗ ಹಾಕಿಕೊಳ್ಳಲಿಲ್ಲ. ಹಾಕಿದವನು ನಾನು.

ಇಷ್ಟು ಬರೆಯಲು ನಿನ್ನ ಅಕ್ಕನ ಗಂಡನಿಗೆ ಇಷ್ಟು ವರ್ಷ ಹಿಡಿಯಿತು — ಬ್ಯಾಂಕಿನಲ್ಲಿ ಊರವರ ಸಹಿಗಳನ್ನೆಲ್ಲ ಅನುಮಾನದಿಂದ ನೋಡಿ ನಿವೃತ್ತನಾದ ಸತ್ಯಸಂಧನಿಗೆ.

ತೊಂಬತ್ತರ ದಶಕ. ವಿಶಾಖಪಟ್ಟಣದ ಗಾಜುವಾಕದಲ್ಲಿ ನನ್ನ ಮುದಿ ಅಂಬಾಸಿಡರ್‌ಗೆ ನೀನು ಸೆಂಟ್ರಲ್ ಲಾಕ್ ಕೂರಿಸಿದೆ. ಬಾಗಿಲುಗಳ ಒಳಹೊದಿಕೆ ಬಿಚ್ಚಿ, ಪುಟ್ಟ ಮೋಟಾರುಗಳನ್ನಿಟ್ಟು, ಎಂದೂ ಬೀಗ ಬೀಳದಿದ್ದ ಹಿಂದಿನ ಎಡಬಾಗಿಲನ್ನೂ ಸರಿಮಾಡಿ, ಕೈಗೊಂದು ರಿಮೋಟು ಕೊಟ್ಟೆ. ಒತ್ತಿದರೆ ನಾಲ್ಕೂ ಬಾಗಿಲು ಟಕ್ಕೆಂದು ಅಪ್ಪಣೆ ಪಾಲಿಸುತ್ತಿದ್ದವು. ಸಂಸಾರದಲ್ಲಿ ನನಗೆ ಸಿಕ್ಕ ಅಂಥ ಮರ್ಯಾದೆ ಅದೊಂದೇ. ನಿನ್ನ ಸೋದರಮಾವ ಗಾಜುವಾಕದ ತಮ್ಮ ಖಾಲಿ ಮಳಿಗೆಯನ್ನು ನಿನಗೆ ಬಿಟ್ಟುಕೊಡುತ್ತೇನೆ ಎಂದದ್ದು ಆ ಕೆಲಸ ನೋಡಿಯೇ.

ಆಮೇಲೆ ವಿಜಯವಾಡದಲ್ಲಿ ಅವರ ಮಗಳ ಮದುವೆ. ಮಾಂಗಲ್ಯದ ಡಬ್ಬಿ ನನ್ನ ಕಾರಿನಲ್ಲಿ. ಛತ್ರದ ಮುಂದೆ ಇಳಿದ ನಾನು ಹಳೆಯ ಅಭ್ಯಾಸದಂತೆ ಒಳಗಿನ ಬೀಗದ ಗುಂಡಿ ಅದುಮಿ ಬಾಗಿಲು ಬಡಿದೆ. ಹಿಂದೆಲ್ಲ ಕೀ ಒಳಗೇ ಮರೆತರೂ ಆ ಕೆಟ್ಟ ಎಡಬಾಗಿಲು ಮಾನ ಕಾಯುತ್ತಿತ್ತು. ಈಗ ನಾಲ್ಕೂ — ಟಕ್. ಕೀ, ರಿಮೋಟು, ಮಾಂಗಲ್ಯ, ಎಲ್ಲ ಒಳಗೆ. ಮುಹೂರ್ತ ಹತ್ತಿರ.

"ಏನಯ್ಯಾ ಇದು?" ಎಂದರು ಮಾವ.

"ನಾನು ಮುಟ್ಟೇ ಇಲ್ಲ ಮಾವಗಾರು, ತಾನಾಗೇ ಬಿತ್ತು. ವೈರಿಂಗು..." ಎಂದು ನಿನ್ನ ಕಡೆ ನೋಡಿದೆ.

ನೀನೂ ನನ್ನನ್ನು ನೋಡಿದೆ. ಪಕ್ಕದ ಸೀಟಿನಿಂದ ಇಳಿದು ಬಾಗಿಲು ಹಾಕುತ್ತಿದ್ದ ನೀನು, ಗುಂಡಿಯ ಮೇಲೆ ನನ್ನ ಹೆಬ್ಬೆರಳನ್ನು ಕಂಡಿದ್ದೆ. ಆದರೂ —

"ತಪ್ಪು ನಂದೇ. ಬಾವಗಾರು ಏನೂ ಮಾಡ್ಲಿಲ್ಲ" ಎಂದು ನೀನೇ ಕಲ್ಲೆತ್ತಿ ಕಿಟಕಿ ಒಡೆದೆ. ಗಾಜು ನಿನ್ನ ಅಂಗೈ ಕೊಯ್ದಿತು.

ಮಾವ ನೆಂಟರೆದುರೇ ಹೇಳಿದರು: "ನಿನ್ನ ಆಟಕ್ಕೆಲ್ಲ ನನ್ನ ಮಳಿಗೆ ಇಲ್ಲ ಕಣೋ. ಎಲ್ಲಾದ್ರೂ ಕೆಲ್ಸ ನೋಡ್ಕೋ."

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಟ್ಟೆ — ಊಟಕ್ಕೆ. ಪುಳಿಹೋರ ಎರಡನೆಯ ಸಲ ಹಾಕಿಸಿಕೊಂಡದ್ದೂ ನೆನಪಿದೆ.

ನೀನು ದುವ್ವಾಡದಲ್ಲಿ ಕಾರ್ಖಾನೆಯ ಪಾಳಿಗೆ ಸೇರಿದೆ. ಕಾರಿನ ಕೆಲಸಕ್ಕೆ ಮತ್ತೆ ಕೈಹಾಕಲಿಲ್ಲ. ನೀನು ಕೂರಿಸಿದ ಆ ಬೀಗವೋ, ಕಾರು ಮಾರುವವರೆಗೂ ಒಂದು ದಿನವೂ ಕೈಕೊಡಲಿಲ್ಲ. ಟಕ್ಕೆಂದಾಗಲೆಲ್ಲ ನನಗೆ — ಇರಲಿ, ನನಗೇನಾಯಿತೆಂಬುದು ಇಲ್ಲಿ ಮುಖ್ಯವಲ್ಲ.

ಈ ಭಾನುವಾರ ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರುತ್ತೇವೆ. ನೀನೂ ಬಾ. ಅವರಿಗೀಗ ಕಿವಿ ಮಂದ. ಯಾವ ಮಾತನ್ನೂ ಪಿಸುಗುಟ್ಟಿ ಮುಗಿಸುವಂತಿಲ್ಲ. ಬೀದಿಗೆ ಕೇಳುವಂತೆ ಕೂಗಬೇಕು.

ಕೂಗಿಯೇ ಹೇಳುತ್ತೇನೆ.