ಬಂಗುಡೆ ತೋರಿಸಿದ ಕಲ್ಲು

ಬಸದಿಯ ಅಂಗಳದಲ್ಲಿ ಗಾಡಿ ನಿಲ್ಲಿಸಿ ಇಳಿದ ಮೇಲೆ ನನ್ನ ಹೆಂಡತಿ ಜಲಜಾಕ್ಷಿಗೆ ನೆನಪಾಯಿತು, ಗಾಡಿಯ ಫ್ರಿಜ್ಜಿನಲ್ಲಿ ಎಂಟು ಬಂಗುಡೆ ಉಂಟು ಅಂತ.

ಬೆಳಿಗ್ಗೆ ಗುರುವಾಯನಕೆರೆಯಲ್ಲಿ ತೆಗೆದುಕೊಂಡ ಮೀನು. ಮಸಾಲೆ ಹಚ್ಚಿ ಇಟ್ಟಾಗಿತ್ತು. ಅದನ್ನು ಹೊತ್ತುಕೊಂಡು ಬಂದು ನಿಂತದ್ದು ಜೈನರ ಬಸದಿಯ ಎದುರಿಗೆ...

"ಮೊದಲು ಗಾಡಿ ತೆಗೆಯಿರಿ ಇಲ್ಲಿಂದ," ಅಂದಳು ಮೆಲ್ಲಗೆ.

"ಡಬ್ಬಿಯ ಮುಚ್ಚಳ ಗಟ್ಟಿ ಉಂಟಲ್ಲ ಮಾರಾಯ್ತಿ. ಯಾರಿಗೆ ಗೊತ್ತಾಗ್ತದೆ?"

"ನಮಗೆ ಗೊತ್ತುಂಟಲ್ಲ."

ನಾನು ಪುನಃ ಗಾಡಿ ಹತ್ತಿದೆ.

ನಮ್ಮ ಕುಟುಂಬದ ಗ್ರೂಪಿನಲ್ಲಿ ಹೊಸಬರೂ ಇದ್ದಾರೆ, ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಬಿ.ಸಿ. ರೋಡಿನ ಟೈಲರ್ ಅಂಗಡಿ ಮುಚ್ಚಿದ ಮೇಲೆ ನಾನೊಂದು ಹಳೆಯ ಟೆಂಪೋ ಟ್ರಾವೆಲರ್ ತೆಗೆದುಕೊಂಡೆ. ಸೀಟು ಕಿತ್ತು ಎರಡು ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕಿ, ಒಂದು ಸಣ್ಣ ಫ್ರಿಜ್ ಕೂರಿಸಿದೆ. ಕಿಟಕಿಯ ಪರದೆ ನಾನೇ ಹೊಲಿದದ್ದು.

ನನ್ನ ಹೆಂಡತಿಯ ಕಣ್ಣಿಗೆ ಮಾತ್ರ ಅದು ಅಂಗಳಕ್ಕೆ ಅಡ್ಡ ನಿಂತ ಒಂದು ಡಬ್ಬ. ಲಾಯಿಲದ ಕ್ಯಾಟರಿಂಗಿನವರೊಬ್ಬರು ಪಾತ್ರೆ ಸಾಗಿಸಲಿಕ್ಕೆ ಅದನ್ನು ಕ್ರಯಕ್ಕೆ ಕೇಳಿದ್ದರು. ಭಾನುವಾರ ಬಂದು ಕೊಂಡುಹೋಗುವುದೆಂದು ಮಾತೂ ಆಗಿತ್ತು.

ನಾನು ಮುಖ ಸಣ್ಣ ಮಾಡಿ ಕೂತದ್ದು ನೋಡಿ ಅವಳೇ ಒಂದು ಷರತ್ತು ಹಾಕಿದಳು.

"ಮೂರು ದಿನ ತಿರುಗುವ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಇಷ್ಟರೊಳಗೆ ನಾನು ನೋಡದ ಒಂದು ಜಾಗ ತೋರಿಸಿ. ತೋರಿಸಿದರೆ ಗಾಡಿ ಇರಲಿ."

ಕೇಳಲಿಕ್ಕೆ ಸುಲಭ. ಆದರೆ ಮೂವತ್ತು ವರ್ಷ ಮನೆ ಮನೆಗೆ ನಡೆದು ಚುಚ್ಚುಮದ್ದು ಕೊಟ್ಟ, ಹೆರಿಗೆ ಮಾಡಿಸಿದ ನರ್ಸು ಅವಳು.

ಮೊದಲ ದಿನ ಪೊಳಲಿಯ ಆಚೆ ಫಲ್ಗುಣಿ ಹೊಳೆಯ ಬದಿಯಲ್ಲಿ, ಹಿಂದೆ ದೋಣಿ ನಿಲ್ಲುತ್ತಿದ್ದ ಒಂದು ಹಳೆಯ ಜಾಗ ತೋರಿಸಿದೆ. "ನನ್ನ ಒಂದು ಚಪ್ಪಲಿ ಹೋದದ್ದು ಇಲ್ಲಿಯೇ," ಅಂದಳು.

ಎರಡನೆಯ ದಿನ ಬೆಳ್ತಂಗಡಿಯ ಕಾಡಿನ ಬದಿಯ ಒಂದು ಸಣ್ಣ ಫಾಲ್ಸ್. ನಾನು ಏದುಸಿರು ಬಿಡುತ್ತ ಹತ್ತುವಾಗ ಮೇಲಿನ ಮನೆಯ ಹೆಂಗಸು ಓಡಿ ಬಂದರು. "ಸಿಸ್ಟರ್, ನೆನಪುಂಟಾ? ನೀವು ಹೆರಿಗೆ ಮಾಡಿಸಿದ ಮಗು ಇವನೇ," ಅಂತ ಒಬ್ಬ ಬೋಳುತಲೆಯವನನ್ನು ಎದುರಿಗೆ ತಂದು ನಿಲ್ಲಿಸಿದರು.

ಮೂರನೆಯ ದಿನದ ನನ್ನ ಕೊನೆಯ ಆಸೆ, ಮೂಡುಬಿದಿರೆ ರಸ್ತೆಯಿಂದ ಒಳಗೆ ಇರುವ ಈ ಬಸದಿ. ಅದನ್ನೂ ಅವಳು ನೋಡಿದ್ದಳು. ಪೋಲಿಯೊ ಹನಿ ಹಾಕುತ್ತಿದ್ದದ್ದೇ ಇದರ ಜಗಲಿಯಲ್ಲಂತೆ.

ಅದರ ಮೇಲೆ ಈ ಬಂಗುಡೆ.

ಗಾಡಿ ತಿರುಗಿಸಲಿಕ್ಕೆ ಜಾಗ ಇರಲಿಲ್ಲ. ಎರಡು ತಿರುವು ದಾಟುವವರೆಗೆ ರಿವರ್ಸ್ ಹೋದೆ. ಹಿಂದಿನಿಂದ ಅವಳು "ಬರಲಿ, ಬರಲಿ... ಸಾಕು, ನನ್ನನ್ನು ಚರಂಡಿಗೆ ಹಾಕ್ಬೇಡಿ," ಅನ್ನುತ್ತಾ ಬಂದಳು.

ಕೊನೆಗೆ ಒಂದು ದೊಡ್ಡ ಮರದ ನೆರಳು ಸಿಕ್ಕಿತು. ಅದರ ಬುಡದಲ್ಲಿ ಎರಡು ಕಲ್ಲು ನೆಟ್ಟಗೆ ನಿಂತಿವೆ, ಹೆಗಲಿನಷ್ಟು ಎತ್ತರ. ಅವುಗಳ ಮೇಲೆ ಅಡ್ಡಕ್ಕೆ ಒಂದು ಉದ್ದದ ಚಪ್ಪಡಿ.

"ಇದು ಏನು?" ಅಂತ ಕೇಳಿದೆ.

"ಯಾರೋ ಅರ್ಧಕ್ಕೆ ಬಿಟ್ಟ ಗೇಟು. ಲಸಿಕೆಯ ಪೆಟ್ಟಿಗೆ ಇದರ ಮೇಲಿಟ್ಟು ಎಷ್ಟು ಸಲ ನೀರು ಕುಡಿದಿಲ್ಲ ನಾನು."

ಸರಿ, ಗಾಡಿ ಲಾಯಿಲಕ್ಕೆ ಅಂದುಕೊಂಡು ಒಲೆ ಹಚ್ಚಿದೆ. ಜಲಜಾಕ್ಷಿ ಕಾವಲಿಗೆ ಮೀನು ಹಾಕಿದಳು.

ಆಗ ಗುಡ್ಡೆಯ ಕಡೆಯಿಂದ ಒಬ್ಬರು ಅಜ್ಜಿ ತಲೆ ತುಂಬ ಸೊಪ್ಪಿನ ಹೊರೆ ಹೊತ್ತುಕೊಂಡು ಬಂದರು. ನಮ್ಮನ್ನು ನೋಡಲೂ ಇಲ್ಲ. ಕಲ್ಲಿನ ಹತ್ತಿರ ನಿಂತು ಮಂಡಿ ಸ್ವಲ್ಪ ಬಗ್ಗಿಸಿ, ತಲೆಯ ಮೇಲಿನ ಹೊರೆಯನ್ನು ಹಾಗೆಯೇ ಚಪ್ಪಡಿಯ ಮೇಲೆ ಜಾರಿಸಿದರು. ಮತ್ತೆ ಸೊಂಟಕ್ಕೆ ಕೈ ಕೊಟ್ಟು ಒಂದು ಉದ್ದದ ಉಸಿರು ಬಿಟ್ಟರು.



"ಇದು ಗೇಟು ಅಲ್ಲವಾ ಅಜ್ಜೀ?" ಅಂದಳು ಜಲಜಾಕ್ಷಿ.

"ಯಾವ ಮನೆಗೆ ಗೇಟು? ಹಿಂದೆ ಗುಡ್ಡೆಯಲ್ಲವಾ ಇರುವುದು?" ಅಜ್ಜಿ ನಕ್ಕರು. "ಹೊರೆ ಇಳಿಸುವ ಕಲ್ಲು ಅಮ್ಮ. ಒಬ್ಬರೇ ಬರುವಾಗ ನೆಲಕ್ಕೆ ಹಾಕಿದರೆ ಮತ್ತೆ ತಲೆಗೆ ಎತ್ತಿಕೊಡುವವರು ಯಾರು?"

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು, "ನಮ್ಮ ಅತ್ತೆ ಹೇಳ್ತಿದ್ದರು. ಹೆರಿಗೆ ಆಗದೆ, ಹೊಟ್ಟೆಯಲ್ಲಿ ಮಗು ಇರುವಾಗಲೇ ತೀರಿಹೋದ ಒಬ್ಬಳ ನೆನಪಿನ ಲೆಕ್ಕದಲ್ಲಿ ಮನೆಯವರು ಇಟ್ಟದ್ದಂತೆ. ಅವಳ ಭಾರ ಇಳಿಯಲಿಲ್ಲ, ದಾರಿಯಲ್ಲಿ ಹೋಗುವವರದ್ದಾದರೂ ಇಳಿಯಲಿ ಅಂತ."

"ಅವಳ ಹೆಸರು?"

"ಅದು ಯಾರಿಗೂ ಗೊತ್ತಿಲ್ಲ."

ಜಲಜಾಕ್ಷಿ ಒಲೆಯ ಹತ್ತಿರದಿಂದ ಎದ್ದು ಹೋಗಿ ಆ ಚಪ್ಪಡಿಯ ಮೇಲೆ ಕೈ ಇಟ್ಟಳು. ನಡುವಿನಲ್ಲಿ ಅದು ಸವೆದು ನುಣ್ಣಗಾಗಿತ್ತು. ಒಂದು ಕಡೆ ಮೀನು ಕರಟಿತು, ನಾನೇ ಮಗುಚಿ ಹಾಕಿದೆ.

ಅಜ್ಜಿ ಎರಡು ಬಂಗುಡೆ ತಿಂದು, ಖಾರ ಕಡಿಮೆ ಆಯಿತು ಅಂತ ಹೇಳಿ, ಹೊರೆಗೆ ತಲೆ ಕೊಟ್ಟು ಯಾರ ಸಹಾಯವೂ ಇಲ್ಲದೆ ಹೋದರು.

ನಾನು ಒಲೆ ಆರಿಸಿ ಕಾವಲಿ ಇಳಿಸಿದೆ. ಷರತ್ತು ಷರತ್ತೇ.

"ನಾನು ನೋಡಿದ ಕಲ್ಲೇ ಅದು. ನೀವು ಸೋತಿರಿ," ಅಂದಳು.

"ಹೂಂ."

ಇಬ್ಬರೂ ಸೇರಿ ಪಾತ್ರೆ ತೊಳೆದೆವು. ಮತ್ತೆ ತಾನಾಗಿಯೇ ಶುರು ಮಾಡಿದಳು. "ಬಂಟ್ವಾಳದ ಕಡೆ ಒಂದು ಗುಡ್ಡೆಯಲ್ಲಿ, ಬಂಡೆಯ ಮೇಲೆ ಸಾಲಾಗಿ ಗುಳಿಗಳು ಉಂಟು. ಮಳೆನೀರು ಬಿದ್ದು ಆದದ್ದು ಅಂತ ದಾಟಿ ಹೋಗ್ತಿದ್ದೆ. ಮಳೆನೀರು ಸಾಲು ಹಿಡಿದು ಬೀಳ್ತದಾ?"

ಅಷ್ಟು ಹೇಳಿ ಫೋನು ತೆಗೆದು ಲಾಯಿಲದವರಿಗೆ ಹೇಳಿದಳು, "ಈ ಭಾನುವಾರ ಬೇಡ, ಬರುವ ಭಾನುವಾರ ಬನ್ನಿ." ಅಷ್ಟೇ. ಮಾರುವುದಿಲ್ಲ ಅಂತ ಹೇಳಲಿಲ್ಲ.

ಈಗ ಆ ಗುಡ್ಡೆಗೆ ಹೊರಟಿದ್ದೇವೆ. ಅವಳು ಮುಂದಿನ ಸೀಟಿನಲ್ಲಿ ಕೂತು ಹಳೆಯ ದಾರಿಗಳನ್ನು ಒಂದೊಂದಾಗಿ ನೆನಪು ಮಾಡುತ್ತಿದ್ದಾಳೆ, ನಾನು ಚಹಾಕ್ಕೆ ನಿಲ್ಲಿಸಿದ ಹೊತ್ತಿನಲ್ಲಿ ಇದನ್ನು ಬರೆಯುತ್ತಿದ್ದೇನೆ...

ನೀವು ದಿನಾ ನೋಡಿಯೂ ಏನೆಂದು ಕೇಳದೆ ದಾಟಿ ಹೋದ ಕಲ್ಲು, ಗುಳಿ, ಗೋಡೆ ಏನಾದರೂ ಉಂಟಾ? ಬೇಗ ತಿಳಿಸಿ, ನನ್ನ ಗಾಡಿಗೆ ಇರುವುದು ಒಂದೇ ವಾರ.